ಕಾರಿನ ಹಿಂಬದಿ ತೋಳುಗಳು: ಆಯ್ಕೆಯ ಹಿಂದಿನ ಭೌತವಿಜ್ಞಾನ

ಹಿಂದಿನ ಚಕ್ರಗಳಿಂದ ಓಡುವ ಕಾರನ್ನು ಮುಂದಕ್ಕೆ ತಳ್ಳುವುದು ಯಾವುದು? ತರಗತಿಯಲ್ಲಿ ಕೇಳಿದರೆ ಬರುವ ಉತ್ತರ ‘ಎಂಜಿನ್’. ವಾಸ್ತವವಾಗಿ ತಳ್ಳುವುದು ರಸ್ತೆ. ಟೈರು ರಸ್ತೆಯನ್ನು ಹಿಂದಕ್ಕೆ ಒತ್ತಿದಾಗ, ಘರ್ಷಣೆಯ ಮೂಲಕ ರಸ್ತೆ ಟೈರನ್ನು ಮುಂದಕ್ಕೆ ಒತ್ತುತ್ತದೆ. ಆ ಬಲ ಆಕ್ಸಲ್‌ನಿಂದ ಕಾರಿನ ಒಡಲಿಗೆ ತಲಪುವುದು ಹೇಗೆ?

ಬಿಡದಿಯಲ್ಲಿ ತಯಾರಾದ ಎರಡು ವಾಹನಗಳನ್ನು ನೋಡಿ. 2000ದಲ್ಲಿ ಬಂದ ಟೊಯೋಟಾ ಕ್ವಾಲಿಸ್‌ನ ಹಿಂಬದಿಗೆ ಲಾರಿಗಳಲ್ಲಿರುವಂತಹ ಪಟ್ಟಿ ಸ್ಪ್ರಿಂಗುಗಳಿದ್ದವು. ಭಾರ ಹೊರುವುದೂ ಆಕ್ಸಲನ್ನು ಹಿಡಿದಿಡುವುದೂ ಅವುಗಳದೇ ಕೆಲಸ. 2005ರ ಇನೋವಾದಲ್ಲಿ ಸುರುಳಿ ಸ್ಪ್ರಿಂಗುಗಳು ಬಂದವು. ಸುರುಳಿ ಭಾರವನ್ನಷ್ಟೇ ಹೊರಬಲ್ಲದು. ಆದ್ದರಿಂದ ಆಕ್ಸಲನ್ನು ಹಿಡಿಯಲು ಉದ್ದಕ್ಕೆ ನಾಲ್ಕು ತೋಳುಗಳು, ಅಡ್ಡಕ್ಕೆ ಒಂದು ಸರಳು ಬೇಕಾದವು. ಗ್ಯಾರೇಜಿನವರು ‘ಕಂಟ್ರೋಲ್ ಆರ್ಮ್’ ಎನ್ನುವುದು ಈ ತೋಳುಗಳಿಗೇ.

ಈಗ ಲೆಕ್ಕ. ಎಂಜಿನ್ನಿನ ಟಾರ್ಕ್ 340 ನ್ಯೂಟನ್-ಮೀಟರ್, ಮೊದಲ ಗೇರು ಮತ್ತು ಡಿಫರೆನ್ಷಿಯಲ್ ಸೇರಿ ಅದನ್ನು 15 ಪಟ್ಟು ಮಾಡುತ್ತವೆ, ಚಕ್ರದ ತ್ರಿಜ್ಯ 0.33 ಮೀಟರ್ ಎಂದಿಟ್ಟುಕೊಳ್ಳೋಣ. ತಳ್ಳುಬಲ 15,000 ನ್ಯೂಟನ್ ದಾಟುತ್ತದೆ! ಆದರೆ ಹಿಂದಿನ ಚಕ್ರಗಳ ಮೇಲಿನ ಭಾರ 1000 ಕೆಜಿ, ಘರ್ಷಣೆಯ ಗುಣಾಂಕ 0.8 ಇದ್ದರೆ ರಸ್ತೆ ಕೊಡಬಲ್ಲದ್ದು ಸುಮಾರು 8000 ನ್ಯೂಟನ್ ಮಾತ್ರ. ಉಳಿದದ್ದು ಚಕ್ರ ಜಾರಿ ವ್ಯರ್ಥ. ಆದ್ದರಿಂದ ತೋಳನ್ನು ಆರಿಸುವಾಗ ಅಶ್ವಶಕ್ತಿಗಿಂತ ಟೈರಿನ ಹಿಡಿತ ಮತ್ತು ಹೇರಿದ ಭಾರವನ್ನು ಮೊದಲು ನೋಡಬೇಕು.

ಈ 8000 ನ್ಯೂಟನ್ ನಾಲ್ಕು ತೋಳುಗಳಿಗೆ ಸಮನಾಗಿ ಹಂಚಿಹೋಗುತ್ತದೆಯೆ? ಇಲ್ಲ. ಕೆಳಗಿನ ಜೋಡಿ ನೆಲದಿಂದ 0.25 ಮೀಟರ್, ಮೇಲಿನದು 0.45 ಮೀಟರ್ ಎತ್ತರದಲ್ಲಿದ್ದು, ಎಲ್ಲವೂ ನೆಲಕ್ಕೆ ಸಮಾಂತರವಾಗಿವೆ ಎನ್ನಿ. ಆಕ್ಸಲ್ ಮತ್ತು ಚಕ್ರಗಳ ಜಡತ್ವವನ್ನು ಕೈಬಿಟ್ಟು, ಟೈರು ನೆಲ ಮುಟ್ಟುವ ಬಿಂದುವಿನ ಸುತ್ತ ಬಲ × ದೂರಗಳನ್ನು ಸರಿತೂಗಿಸಿ. ಮೇಲಿನ ಜೋಡಿಯಲ್ಲಿ 10,000 ನ್ಯೂಟನ್ ಎಳೆತ, ಕೆಳಗಿನದರಲ್ಲಿ 18,000 ನ್ಯೂಟನ್ ಒತ್ತಡ ಬರುತ್ತದೆ. ಅಂದರೆ ಕೆಳಗಿನ ಒಂದೊಂದು ತೋಳಿನ ಮೇಲೂ 9000 ನ್ಯೂಟನ್. ಒಟ್ಟು ತಳ್ಳುಬಲಕ್ಕಿಂತಲೂ ಹೆಚ್ಚು! ಬ್ರೇಕ್ ಹಾಕಿದಾಗ ಎಳೆತ, ಒತ್ತಡಗಳು ಅದಲುಬದಲಾಗುತ್ತವೆ.

ಪ್ಲಾಸ್ಟಿಕ್ ಅಳತೆಪಟ್ಟಿಯನ್ನು ಎರಡೂ ತುದಿ ಹಿಡಿದು ಎಳೆಯಿರಿ, ಬಾಗದು. ಒತ್ತಿರಿ, ಥಟ್ಟನೆ ಬಾಗುತ್ತದೆ. ಆದ್ದರಿಂದಲೇ ಕೆಳತೋಳಿಗೆ ಚಪ್ಪಟೆ ಪಟ್ಟಿ ಸಲ್ಲದು, ಕೊಳವೆಯಾಕಾರ ಉತ್ತಮ. ಕಲ್ಲಿಗೆ ತಾಗಿ 1 ಸೆಂಟಿಮೀಟರ್ ಬಾಗಿದ ತೋಳಿನಲ್ಲಿ ಇದೇ 9000 ನ್ಯೂಟನ್ ಬಲ 90 ನ್ಯೂಟನ್-ಮೀಟರ್ ಬಾಗಿಸುವ ಟಾರ್ಕ್ ಉಂಟುಮಾಡುತ್ತದೆ. ಅದನ್ನು ಕಾಯಿಸಿ ನೆಟ್ಟಗೆ ಮಾಡಿಸುವುದು ಅಪಾಯದ ಉಳಿತಾಯ, ಬದಲಾಯಿಸುವುದೇ ಸರಿ.

ಇನ್ನು ತುದಿಗಳ ಬುಷ್. ಗುಂಜಹಳ್ಳಿ ಕಡೆಯಿಂದ ಮಾನ್ವಿ, ದೇವದುರ್ಗಗಳತ್ತ ಹೋದವರಿಗೆ ಎರೆಮಣ್ಣಿನ ಮೇಲಿನ ರಸ್ತೆ ಗೊತ್ತು. ಎರೆಮಣ್ಣು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ ರಸ್ತೆ ಅಲೆಅಲೆಯಾಗುತ್ತದೆ. ಒಂದು ಚಕ್ರ ಏರಿ ಇನ್ನೊಂದು ಇಳಿದಾಗ ಆಕ್ಸಲ್ ಓರೆಯಾಗಿ ತೋಳುಗಳು ತಿರುಚಿಕೊಳ್ಳಬೇಕು. ರಬ್ಬರ್ ಬುಷ್ ಆ ತಿರುಚನ್ನು ನುಂಗಿಕೊಳ್ಳುತ್ತದೆ. ಗಟ್ಟಿ ಪಾಲಿಯುರಿಥೇನ್ ಬುಷ್ ಪ್ರತಿರೋಧಿಸುತ್ತದೆ. ಹೊರೆ ಬೆಸುಗೆಯ ಬ್ರಾಕೆಟ್ಟಿಗೆ ದಾಟಿ ಅಲ್ಲಿ ಬಿರುಕು ಮೂಡಬಹುದು. ಲೋಹದ ಗೋಳಕೀಲು ಸರಾಗವಾಗಿ ತಿರುಗುವುದೇನೋ ನಿಜ, ಆದರೆ ಧೂಳಿನಲ್ಲಿ ಬೇಗ ಸವೆಯುತ್ತದೆ, ಪ್ರತಿ ಹೊಡೆತವನ್ನೂ ಒಡಲಿಗೆ ಸಾಗಿಸುತ್ತದೆ. ಅದು ಪಂದ್ಯದ ಕಾರಿಗಿರಲಿ.

ಉದ್ದ ಬದಲಿಸಬಹುದಾದ ತೋಳುಗಳನ್ನು ಹಾಕಿಸುವವರು ಎಡಬಲಗಳನ್ನು ಅಳೆದು ಸಮ ಮಾಡಿಸಬೇಕು. ಇಲ್ಲವಾದರೆ ಆಕ್ಸಲ್ ಓರೆಯಾಗಿ, ನೇರ ರಸ್ತೆಯಲ್ಲೂ ಕಾರು ಒಂದು ಬದಿಗೆ ಎಳೆಯುತ್ತದೆ, ಟೈರು ಬೇಗ ಸವೆಯುತ್ತದೆ.