ಮಾಕಳಿ ಬೇರು: ಔಷಧೀಯ ರಸಾಯನಶಾಸ್ತ್ರಕ್ಕೆ ಒಂದು ಪ್ರವೇಶ

ಕೊಳ್ಳೇಗಾಲ, ಹನೂರು, ಯಳಂದೂರುಗಳ ಹೆಸರನ್ನು ಚರಿತ್ರೆಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ಆಡಳಿತದ ಗಡಿಗಳ ಪ್ರಸಂಗದಲ್ಲಿಯೇ ಕೇಳಿರುತ್ತಾರೆ. 1807ರಲ್ಲಿ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ಹನೂರನ್ನೊಳಗೊಂಡಿದ್ದ ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆದರೆ ಈ ಸೀಮೆಯ ಬೆಟ್ಟಗಳಿಗೆ ಮತ್ತೊಂದು ಚರಿತ್ರೆಯೂ ಉಂಟು. ಅದು ಸೋಲಿಗರ ಬಳಕೆಯಲ್ಲಿ ಉಳಿದುಬಂದ ಗಿಡಮೂಲಿಕೆಗಳ ಚರಿತ್ರೆ. ಅವುಗಳಲ್ಲಿ ಒಂದಾದ ಮಾಕಳಿ ಬೇರನ್ನು ನಿದರ್ಶನವಾಗಿಟ್ಟುಕೊಂಡು, ಔಷಧೀಯ ರಸಾಯನಶಾಸ್ತ್ರದ ಮೂಲತತ್ತ್ವವನ್ನು ಇಲ್ಲಿ ನಿರೂಪಿಸಲಾಗುವುದು.

ಮಾಕಳಿ, ಬಿಳಿಗಿರಿರಂಗನ ಬೆಟ್ಟದ ಬಂಡೆಗಳ ನಡುವೆ ಹಬ್ಬುವ ಬಳ್ಳಿ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಡೆಕಾಲೆಪಿಸ್ ಹ್ಯಾಮಿಲ್ಟೋನಿ. ಇದರ ಬೇರಿನ ಉಪ್ಪಿನಕಾಯಿ ಮೈಸೂರು ಸೀಮೆಯ ಮನೆಗಳಿಗೆ ಚಿರಪರಿಚಿತ. ಬೇರನ್ನು ಹಬೆಯಲ್ಲಿ ಬಟ್ಟಿಯಿಳಿಸಿದರೆ ಸುವಾಸನೆಯ ತೈಲ ದೊರೆಯುತ್ತದೆ. ಅದರ ಬಹುಭಾಗ ಒಂದೇ ವಸ್ತು: 2-ಹೈಡ್ರಾಕ್ಸಿ-4-ಮೆಥಾಕ್ಸಿ ಬೆಂಜಾಲ್ಡಿಹೈಡ್. ಸೊಗದೆ ಬೇರಿನ ಪರಿಮಳಕ್ಕೂ ಇದೇ ಕಾರಣ.

ಈ ಅಣುವಿನಲ್ಲಿ ಇಂಗಾಲದ 8, ಜಲಜನಕದ 8, ಆಮ್ಲಜನಕದ 3 ಪರಮಾಣುಗಳಿವೆ. ವೆನಿಲ್ಲಾ ಕಾಯಿಯ ವೆನಿಲಿನ್ನಿನಲ್ಲಿಯೂ ಇಷ್ಟೇ ಪರಮಾಣುಗಳಿವೆ. ಹೀಗಿರುವಲ್ಲಿ ಇವೆರಡಕ್ಕೂ ಭೇದವೇನು? ಬೆಂಜೀನ್ ಉಂಗುರದಲ್ಲಿ ಆಲ್ಡಿಹೈಡ್ ಗುಂಪಿರುವ ಸ್ಥಾನದಿಂದ ಎಣಿಸಿದರೆ, ವೆನಿಲಿನ್ನಿನಲ್ಲಿ ಹೈಡ್ರಾಕ್ಸಿಲ್ ಗುಂಪು 4ನೆಯ ಸ್ಥಾನದಲ್ಲಿಯೂ ಮೆಥಾಕ್ಸಿ ಗುಂಪು 3ನೆಯ ಸ್ಥಾನದಲ್ಲಿಯೂ ಇವೆ. ಮಾಕಳಿಯ ಅಣುವಿನಲ್ಲಿ ಹೈಡ್ರಾಕ್ಸಿಲ್ 2ನೆಯ ಸ್ಥಾನದಲ್ಲಿ, ಮೆಥಾಕ್ಸಿ 4ನೆಯ ಸ್ಥಾನದಲ್ಲಿ. ಇಂಥವುಗಳನ್ನು ಸಮಾಂಗಿಗಳೆಂದು ಕರೆಯುತ್ತಾರೆ.

ಸ್ಥಾನಭೇದ ಅಲ್ಪವೆಂದು ತೋರಿದರೂ ಪರಿಣಾಮ ಅಲ್ಪವಲ್ಲ. ಮಾಕಳಿಯ ಅಣುವಿನಲ್ಲಿ ಹೈಡ್ರಾಕ್ಸಿಲ್ ಗುಂಪು ನೆರೆಯ ಆಲ್ಡಿಹೈಡಿನ ಆಮ್ಲಜನಕದೊಡನೆ ಅಣುವಿನೊಳಗೇ ಜಲಜನಕ ಬಂಧವನ್ನು ರಚಿಸಿಕೊಳ್ಳುತ್ತದೆ. ಅದರಿಂದ ಅಣು ಅಣುಗಳ ನಡುವಣ ಹಿಡಿತ ಸಡಿಲವಾಗುತ್ತದೆ. ವೆನಿಲಿನ್ನಿನಲ್ಲಿ ಈ ಗುಂಪುಗಳು ದೂರವಿರುವುದರಿಂದ ಬಂಧವು ಬೇರೆ ಬೇರೆ ಅಣುಗಳ ನಡುವೆ ಏರ್ಪಡುತ್ತದೆ. ಆದ್ದರಿಂದಲೇ ವೆನಿಲಿನ್ ಕರಗಲು ಸುಮಾರು 82 ಡಿಗ್ರಿ ಸೆಂಟಿಗ್ರೇಡ್ ಬೇಕು. ಮಾಕಳಿಯ ವಸ್ತು ಸುಮಾರು 42 ಡಿಗ್ರಿಯಲ್ಲಿಯೇ ಕರಗುತ್ತದೆ, ಹಬೆಯೊಡನೆ ಸುಲಭವಾಗಿ ಮೇಲೇಳುತ್ತದೆ. ಅಣುವಿನ ರಚನೆಗೂ ಗುಣಕ್ಕೂ, ಗುಣಕ್ಕೂ ದೇಹದ ಮೇಲಣ ಕ್ರಿಯೆಗೂ ಇರುವ ಸಂಬಂಧವನ್ನು ಅರಸುವುದೇ ಔಷಧೀಯ ರಸಾಯನಶಾಸ್ತ್ರದ ಉದ್ದೇಶ.

ಕ್ರಿಯೆಯ ವಿಚಾರದಲ್ಲಿ ಎಚ್ಚರಿಕೆ ಅವಶ್ಯ. ಚರ್ಮಕ್ಕೆ ವರ್ಣವೀಯುವ ಮೆಲನಿನ್ನಿನ ಉತ್ಪತ್ತಿಗೆ ಬೇಕಾದ ಟೈರೊಸಿನೇಸ್ ಎಂಬ ಕಿಣ್ವವನ್ನು ಈ ಅಣು ತಡೆಯುತ್ತದೆಂದು 1999ರಲ್ಲಿ ಆಫ್ರಿಕದ ಮೂಲಿಕೆಗಳ ಪರೀಕ್ಷೆಯಿಂದ ತಿಳಿದುಬಂದಿತು. ಆದರೆ ಪ್ರನಾಳದಲ್ಲಿ ಕಿಣ್ವವನ್ನು ತಡೆದ ಮಾತ್ರಕ್ಕೆ ವಸ್ತುವೊಂದು ಔಷಧವಾಗದು. ಅದು ದೇಹದಲ್ಲಿ ಎಲ್ಲಿಗೆ ತಲಪುತ್ತದೆ, ಹೇಗೆ ರೂಪಾಂತರ ಹೊಂದುತ್ತದೆ, ಎಷ್ಟು ಪ್ರಮಾಣದಲ್ಲಿ ವಿಷವಾಗುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯಬೇಕು.

ಇಲ್ಲಿ ಸಮಾಜಕ್ಕೆ ಸಂಬಂಧಿಸಿದ ಪ್ರಶ್ನೆಯೂ ಏಳುತ್ತದೆ. ನೆಲ್ಲಿಯಲ್ಲಿ ಕಾಯನ್ನು ಕೊಯ್ದರೂ ಮರ ಉಳಿಯುತ್ತದೆ. ಮಾಕಳಿಯಲ್ಲಿ ಬೇರನ್ನು ಪೂರ್ಣವಾಗಿ ಅಗೆದರೆ ಬಳ್ಳಿಯೇ ಅಳಿಯುತ್ತದೆ. ಬಿಳಿಗಿರಿರಂಗನ ಬೆಟ್ಟದ ವನ್ಯಧಾಮದಲ್ಲಿ ಅರಣ್ಯೋತ್ಪನ್ನಗಳ ವ್ಯಾಪಾರಾರ್ಥ ಸಂಗ್ರಹ 2006ರಲ್ಲಿ ನಿಷಿದ್ಧವಾಯಿತು. ಸೋಲಿಗರ ಜೀವನೋಪಾಯಕ್ಕೆ ಅದರಿಂದ ಪೆಟ್ಟುಬಿದ್ದಿತು. ಅರಣ್ಯ ಹಕ್ಕು ಕಾಯಿದೆಯ ಮೇರೆಗೆ 2011ರಲ್ಲಿ ಅವರ ಸಾಮುದಾಯಿಕ ಹಕ್ಕುಗಳಿಗೆ ಮನ್ನಣೆ ದೊರೆಯಿತು. ಬಳ್ಳಿಯೂ ಉಳಿಯಬೇಕು, ಅದನ್ನು ಬಲ್ಲ ಜನರ ಬಾಳೂ ಉಳಿಯಬೇಕು.

ಇದಕ್ಕೆ ರಸಾಯನಶಾಸ್ತ್ರ ಒಂದು ಮಾರ್ಗವನ್ನು ತೋರಿಸುತ್ತದೆ. 2,4-ಡೈಹೈಡ್ರಾಕ್ಸಿ ಬೆಂಜಾಲ್ಡಿಹೈಡಿನಿಂದ ಇದೇ ಅಣುವನ್ನು ಪ್ರಯೋಗಾಲಯದಲ್ಲಿ ತಯಾರಿಸಬಹುದು. 2ನೆಯ ಸ್ಥಾನದ ಹೈಡ್ರಾಕ್ಸಿಲ್ ಜಲಜನಕ ಬಂಧದಲ್ಲಿ ಸಿಲುಕಿರುವುದರಿಂದ, ಮೀಥೈಲ್ ಗುಂಪು ಮುಖ್ಯವಾಗಿ 4ನೆಯ ಸ್ಥಾನದಲ್ಲಿಯೇ ಸೇರುತ್ತದೆ. ಪರಿಮಳ ಮಾತ್ರ ಬೇಕಾದಲ್ಲಿ ಕಾಡಿನ ಬೇರನ್ನು ಅಗೆಯಬೇಕಾಗಿಲ್ಲ. ಇಡೀ ಬೇರೇ ಬೇಕಾದಲ್ಲಿ ಕೃಷಿಯೇ ಗತಿ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಅಂಗಾಂಶ ಕೃಷಿಯಿಂದ ಸಸಿಗಳನ್ನು ಬೆಳೆಸುವ ಪ್ರಯೋಗಗಳು ನಡೆದಿವೆ. ಇಂಥ ಸಸಿಗಳು ಈ ಮೂರು ತಾಲ್ಲೂಕುಗಳ ಒಣಭೂಮಿಯಲ್ಲಿ ಹೇಗೆ ಬೆಳೆಯುತ್ತವೆಂಬುದನ್ನು ಸೋಲಿಗರೊಡಗೂಡಿ ಪರಿಶೀಲಿಸುವುದು ಇಲ್ಲಿನ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ತಕ್ಕ ಕಾರ್ಯವಾಗಿದೆ.