ಓದುತ್ತ ಆಡುವ ಆಟಗಳು

1997ರಿಂದ 2001ರವರೆಗಿನ ಕೆಲವೇ ವರ್ಷಗಳಲ್ಲಿ ಅಮೆರಿಕ, ಕೆನಡಾಗಳ ಸ್ಟುಡಿಯೊಗಳು ಕಥೆಯೇ ಜೀವಾಳವಾದ ಹಲವು ರೋಲ್ ಪ್ಲೇಯಿಂಗ್ ಗೇಮ್‌ಗಳನ್ನು ಹೊರತಂದವು. ಫಾಲ್‌ಔಟ್, ಬಾಲ್ಡರ್ಸ್ ಗೇಟ್, ಪ್ಲೇನ್‌ಸ್ಕೇಪ್: ಟಾರ್ಮೆಂಟ್, ಆರ್ಕೇನಮ್ ಅವುಗಳಲ್ಲಿ ಹೆಸರಾದವು. ಆಡುವವರು ಒಂದು ಪಾತ್ರ ವಹಿಸಿಕೊಂಡು ಅಲೆಯುತ್ತ, ಸಿಕ್ಕವರೊಡನೆ ಮಾತಾಡುತ್ತ, ತಮ್ಮ ತೀರ್ಮಾನಗಳಿಂದ ಕಥೆಯ ದಾರಿಯನ್ನು ತಿರುಗಿಸುತ್ತಾರೆ. ಮಹಡಿಯ ಮೇಲೆ ನಿಂತು ಬೀದಿ ನೋಡಿದ ಹಾಗೆ ಎಲ್ಲವೂ ಮೇಲಿನಿಂದ ಓರೆಯಾಗಿ ಕಾಣುತ್ತದೆ. ಈ ನೋಟಕ್ಕೆ ಐಸೊಮೆಟ್ರಿಕ್ ಎಂದು ಹೆಸರು. ದೂರದ ವಸ್ತು ಹತ್ತಿರದ್ದಕ್ಕಿಂತ ಚಿಕ್ಕದಾಗಿ ತೋರದಿರುವುದು ಇದರ ಲಕ್ಷಣ.

ಈ ನೋಟ ಬಂದದ್ದು ಅನಿವಾರ್ಯತೆಯಿಂದ. ದೊಡ್ಡದೊಂದು ನಗರವನ್ನು ಮೂರು ಆಯಾಮಗಳಲ್ಲಿ ಕ್ಷಣಕ್ಷಣಕ್ಕೂ ವಿವರವಾಗಿ ಬಿಡಿಸುವ ಶಕ್ತಿ ಅಂದಿನ ಮನೆಬಳಕೆಯ ಕಂಪ್ಯೂಟರುಗಳಿಗೆ ಇರಲಿಲ್ಲ. ಹಾಗಾಗಿ ಬಾಲ್ಡರ್ಸ್ ಗೇಟ್ ನಿರ್ಮಿಸಿದ ಬಯೋವೇರ್ ಹಿನ್ನೆಲೆಗಳನ್ನೆಲ್ಲ ಮೊದಲೇ ಚಿತ್ರವಾಗಿ ಸಿದ್ಧಪಡಿಸಿ, ಅವುಗಳ ಮೇಲೆ ಪುಟ್ಟ ಪಾತ್ರಗಳನ್ನು ಓಡಾಡಿಸಿತು. ಬೀದಿ, ಗುಡಿ, ಹೋಟೆಲು ಸೊಗಸಾಗಿ ಕಂಡವು, ಪಾತ್ರಗಳ ಮುಖ ಮಾತ್ರ ಕಾಣದಾಯಿತು. ಕಣ್ಣಂಚಿನ ನೀರು, ತುಟಿಯ ನಡುಕ, ಕೋಣೆಯ ವಾಸನೆ ಎಲ್ಲವನ್ನೂ ಬರಹವೇ ಹೇಳಬೇಕಾಯಿತು. ಈ ಆಟಗಳ ಸೆಳೆತದ ಮೂಲ ಇಲ್ಲಿದೆ: ಚಿತ್ರ ಅರ್ಧಕ್ಕೆ ಬಿಟ್ಟದ್ದನ್ನು ಓದುವವರ ಕಲ್ಪನೆ ಪೂರ್ತಿ ಮಾಡುತ್ತದೆ.

ಬರಹಕ್ಕೆ ಇನ್ನೊಂದು ಅನುಕೂಲವಿದೆ. ಹೊಸ ದೃಶ್ಯ ಕಟ್ಟುವುದಕ್ಕಿಂತ ಹೊಸ ಸಂಭಾಷಣೆ ಬರೆಯುವ ಖರ್ಚು ಬಹಳ ಕಡಿಮೆ. ಆದ್ದರಿಂದ ಕಥೆಗೆ ಹತ್ತಾರು ಕವಲು ಸಾಧ್ಯವಾದವು. ಫಾಲ್‌ಔಟ್‌ನಲ್ಲಿ ಬುದ್ಧಿಶಕ್ತಿ ತೀರಾ ಕಡಿಮೆ ಇಟ್ಟು ಪಾತ್ರ ರೂಪಿಸಿದರೆ ಅದರ ಬಾಯಿಂದ ತೊದಲು ಮಾತಷ್ಟೇ ಹೊರಡುತ್ತದೆ, ಎದುರಿನವರೂ ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತಾರೆ. ಕೊನೆಯ ಶತ್ರುವನ್ನು ಗುಂಡು ಹಾರಿಸದೆಯೂ ಸೋಲಿಸಬಹುದು. ಅವನು ಸೃಷ್ಟಿಸಿದ ಹೊಸ ಕುಲಕ್ಕೆ ಸಂತಾನಶಕ್ತಿ ಇಲ್ಲವೆಂದು ಪುರಾವೆ ಸಮೇತ ಮನಗಾಣಿಸಿದರೆ ಅವನು ತಾನೇ ತನ್ನ ನಾಶಕ್ಕೆ ಮುಂದಾಗುತ್ತಾನೆ.

ಈ ಪರಂಪರೆಯ ಶಿಖರವೆಂದರೆ 1999ರ ಡಿಸೆಂಬರಿನಲ್ಲಿ ಬಂದ ಪ್ಲೇನ್‌ಸ್ಕೇಪ್: ಟಾರ್ಮೆಂಟ್. ಬ್ಲ್ಯಾಕ್ ಐಲ್ ಸ್ಟುಡಿಯೊಸ್‌ನ ಈ ಆಟದ ಮುಖ್ಯ ವಿನ್ಯಾಸಕ ಕ್ರಿಸ್ ಅವೆಲೋನ್. ಹೆಸರೂ ನೆನಪೂ ಇಲ್ಲದ, ಸಾವೂ ಅಂಟದ ಒಬ್ಬ ಮನುಷ್ಯ ಶವಾಗಾರದಲ್ಲಿ ಎಚ್ಚರಗೊಳ್ಳುವಲ್ಲಿಂದ ಕಥೆ ಶುರು. ಬೇರೆ ಆಟಗಳಲ್ಲಿ ಸತ್ತರೆ ಆಟ ಮುಗಿಯುತ್ತದೆ. ಇಲ್ಲಿ ಆತ ಸಾಮಾನ್ಯವಾಗಿ ಮತ್ತೆ ಏಳುತ್ತಾನೆ, ಕೆಲವೊಮ್ಮೆ ಸಾಯುವುದೇ ಮುಂದಿನ ದಾರಿ. ಹಿಂದಿನ ಬಾಳುಗಳಲ್ಲಿ ತಾನು ಯಾರಿಗೆ ಏನೇನು ಮಾಡಿದ್ದೆ ಎಂಬುದು ಒಂದೊಂದಾಗಿ ಬಯಲಾಗುತ್ತ ಹೋಗುತ್ತದೆ. ಮನುಷ್ಯನ ಸ್ವಭಾವವನ್ನು ಯಾವುದು ಬದಲಿಸಬಲ್ಲದು ಎಂಬ ಪ್ರಶ್ನೆ ಇಡೀ ಕಥೆಯ ಬೆನ್ನೆಲುಬು. ನಂಬಿಕೆಯೇ ವಾಸ್ತವವನ್ನು ರೂಪಿಸುವ ಲೋಕ ಅದು. ನಾಯಕ ತನ್ನ ಹೆಸರು ಅಡಾನ್ ಎಂದು ಮತ್ತೆ ಮತ್ತೆ ಸುಳ್ಳು ಹೇಳಿದರೆ, ಕೊನೆಗೆ ಅಡಾನ್ ಎಂಬುವನೊಬ್ಬ ನಿಜವಾಗಿಯೇ ಹುಟ್ಟಿಕೊಳ್ಳುತ್ತಾನೆ! ತತ್ತ್ವವೊಂದನ್ನು ವಿವರಿಸದೆ ಅನುಭವಕ್ಕೇ ತಂದುಕೊಡುವ ಈ ಜಾಣ್ಮೆ ಬೇರೆ ಕಲೆಗಳಲ್ಲೂ ಅಪರೂಪ. ಕಾದಾಟ ಈ ಆಟದ ಬಲಹೀನ ಭಾಗವೆಂಬುದೂ ಅಷ್ಟೇ ನಿಜ. ಮಾರಾಟದಲ್ಲಿ ಅದು ಬಾಲ್ಡರ್ಸ್ ಗೇಟ್‌ನ ಸಮಕ್ಕೆ ಬರಲಿಲ್ಲ, ಕೀರ್ತಿ ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೆಯಿತು.

ಮುಂದೆ ಮೂರು ಆಯಾಮದ ದೃಶ್ಯಗಳು, ಪ್ರತಿ ಮಾತಿಗೂ ಧ್ವನಿ ಕೊಡುವ ಪದ್ಧತಿ ಬಂದು ಈ ಬಗೆ ಹಿಂದೆ ಸರಿಯಿತು. ನಟರು ಆಡಬೇಕಾದ ಸಾಲುಗಳಿಗೆ ಲೆಕ್ಕ ಬಂದೊಡನೆ ಕವಲುಗಳೂ ಬೋಳಾದವು. 2012ರಲ್ಲಿ ಅಬ್ಸಿಡಿಯನ್ ಸಂಸ್ಥೆ ಹಳೆಯ ಮಾದರಿಯ ಆಟಕ್ಕಾಗಿ ಜನರಿಂದಲೇ ನೇರವಾಗಿ ಹಣ ಕೇಳಿದಾಗ ಸುಮಾರು 40 ಲಕ್ಷ ಡಾಲರ್ ಕೂಡಿತು, 2015ರಲ್ಲಿ ಪಿಲ್ಲರ್ಸ್ ಆಫ್ ಎಟರ್ನಿಟಿ ಹೊರಬಂತು. 2019ರ ಡಿಸ್ಕೊ ಎಲಿಸಿಯಮ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪ್ರತ್ಯೇಕ ಕಾದಾಟದ ವ್ಯವಸ್ಥೆಯನ್ನೇ ಕೈಬಿಟ್ಟು ಹೊಡೆದಾಟವನ್ನೂ ಸಂಭಾಷಣೆಯೊಳಗೇ ತಂದಿತು.