ಹದಿಮೂರು ವಸಾಹತುಗಳು ರಾಜ್ಯಗಳಾದ ಬಗೆ

ಅಮೆರಿಕದ ಧ್ವಜವನ್ನು ನೀವು ನೋಡಿಯೇ ಇರುತ್ತೀರಿ. ಅದರ 50 ನಕ್ಷತ್ರಗಳು ಇಂದಿನ ರಾಜ್ಯಗಳನ್ನು ಸೂಚಿಸುತ್ತವೆ. 13 ಪಟ್ಟೆಗಳು ಸೂಚಿಸುವುದು ಬ್ರಿಟಿಷ್ ದೊರೆಯ ಅಧೀನದಲ್ಲಿದ್ದು 1776ರಲ್ಲಿ ಸ್ವತಂತ್ರವೆಂದು ಸಾರಿಕೊಂಡ ವಸಾಹತುಗಳನ್ನು. ವಸಾಹತು ರಾಜ್ಯವಾದದ್ದು ಹೇಗೆ? ಜುಲೈ 4ರ ಒಂದೇ ದಿನದಲ್ಲಿ ಆಯಿತೆಂದು ತಿಳಿದರೆ ಅರ್ಧ ಕತೆ ಬಿಟ್ಟುಹೋಗುತ್ತದೆ.

ಇವುಗಳಲ್ಲಿ ಮೊದಲನೆಯದು ವರ್ಜೀನಿಯಾ. ಅದನ್ನು ಸ್ಥಾಪಿಸಿದ್ದು ಸರ್ಕಾರವಲ್ಲ, ಲಾಭಕ್ಕಾಗಿ ಷೇರು ಕೂಡಿಸಿದ ಲಂಡನ್ನಿನ ಒಂದು ಕಂಪನಿ. 1607ರಲ್ಲಿ ಜೇಮ್ಸ್‌ಟೌನ್‌ನಲ್ಲಿ ನೆಲೆಸಿದವರಿಗೆ ಚಿನ್ನ ಸಿಗಲಿಲ್ಲ. 1609-10ರ ಚಳಿಗಾಲದಲ್ಲಿ ಹೆಚ್ಚಿನವರು ಹಸಿವು, ರೋಗಗಳಿಂದ ಸತ್ತರು. ಕೊನೆಗೆ ಕೈಹಿಡಿದದ್ದು ಹೊಗೆಸೊಪ್ಪು. 1619ರಲ್ಲಿ ಅಲ್ಲಿ ವಲಸೆಗಾರರ ಪ್ರತಿನಿಧಿಗಳ ಸಭೆ ಮೊದಲ ಬಾರಿಗೆ ಸೇರಿತು. ಸೆರೆಹಿಡಿದ ಆಫ್ರಿಕನ್ನರನ್ನು ಹಡಗಿನಲ್ಲಿ ತಂದು ಮಾರಿದ್ದೂ ಅದೇ ವರ್ಷ. ಎರಡನ್ನೂ ಒಟ್ಟಿಗೇ ನೆನಪಿಡಬೇಕು.

ವಸಾಹತುಗಳಿಗೆ ಸಾಮಾನ್ಯವಾಗಿ ಆಧಾರವಾಗಿದ್ದುದು ದೊರೆ ಕೊಟ್ಟ ಸನ್ನದು. ಪೆನ್ಸಿಲ್ವೇನಿಯಾವನ್ನಂತೂ ಎರಡನೆಯ ಚಾರ್ಲ್ಸ್ 1681ರಲ್ಲಿ ವಿಲಿಯಂ ಪೆನ್‌ಗೆ ಬರೆದುಕೊಟ್ಟದ್ದು ಅವನ ತಂದೆಗೆ ಸಲ್ಲಬೇಕಿದ್ದ ಸಾಲದ ಬಾಬ್ತಿಗೆ! ಕಾಲಕ್ರಮದಲ್ಲಿ ಪ್ರತಿ ವಸಾಹತಿನಲ್ಲೂ ಶಾಸನಸಭೆ ಬೆಳೆಯಿತು. ಹೀಗಾಗಿ 1776ರ ಮೇ ತಿಂಗಳಲ್ಲಿ, ನಿಮ್ಮ ಸರ್ಕಾರಗಳನ್ನು ನೀವೇ ರಚಿಸಿಕೊಳ್ಳಿ ಎಂದು ಕಾಂಗ್ರೆಸ್ ಹೇಳಿದಾಗ ಜನರಿಗೆ ಆ ಕೆಲಸ ಹೊಸದೇನಾಗಿರಲಿಲ್ಲ. ವರ್ಜೀನಿಯಾ ಜೂನ್‌ನಲ್ಲೇ ಸಂವಿಧಾನ ಮಾಡಿಕೊಂಡಿತು. ಕನೆಕ್ಟಿಕಟ್ ಮತ್ತು ರೋಡ್ ಐಲೆಂಡ್ ಹಳೆಯ ಸನ್ನದನ್ನೇ ಉಳಿಸಿಕೊಂಡು ದೊರೆಯ ಅಧಿಕಾರವನ್ನು ಮಾತ್ರ ಕೈಬಿಟ್ಟವು. ಕನೆಕ್ಟಿಕಟ್ 1818ರವರೆಗೂ ಹಾಗೆಯೇ ನಡೆಯಿತು.

ಆಗ 'ರಾಜ್ಯ' ಎಂದರೆ ಬಹುಮಟ್ಟಿಗೆ ಸ್ವತಂತ್ರ ದೇಶವೆಂದೇ ಅರ್ಥ. ಇವನ್ನು ಒಂದುಗೂಡಿಸುವ ಒಪ್ಪಂದವನ್ನು ಕಾಂಗ್ರೆಸ್ 1777ರಲ್ಲಿ ಅಂಗೀಕರಿಸಿತಾದರೂ ಅದು ಜಾರಿಗೆ ಬಂದದ್ದು 1781ರ ಮಾರ್ಚ್ 1ರಂದು. ತಡೆದದ್ದು ಪುಟ್ಟ ಮೇರಿಲ್ಯಾಂಡ್. ಹಳೆಯ ಸನ್ನದಿನ ಬಲದಿಂದ ವರ್ಜೀನಿಯಾ ಪಶ್ಚಿಮದ ಅಪಾರ ಭೂಮಿ ತನ್ನದೆನ್ನುತ್ತಿತ್ತು. ಅದನ್ನು ಎಲ್ಲರಿಗೂ ಸೇರಿದ್ದನ್ನಾಗಿ ಬಿಟ್ಟುಕೊಡದೆ ಸಹಿ ಹಾಕುವುದಿಲ್ಲವೆಂದು ಮೇರಿಲ್ಯಾಂಡ್ ಪಟ್ಟು ಹಿಡಿಯಿತು. ವರ್ಜೀನಿಯಾ ಮಣಿಯಿತು.

ಈಗ ಎದ್ದ ಪ್ರಶ್ನೆ ನಿಜಕ್ಕೂ ದೊಡ್ಡದು. ನಿನ್ನೆಯವರೆಗೆ ವಸಾಹತುಗಳಾಗಿದ್ದವರು ತಾವೇ ವಸಾಹತುಗಳ ಒಡೆಯರಾಗಬೇಕೆ? 1787ರ ಜುಲೈ 13ರ ಶಾಸನ ಇದಕ್ಕೆ ಉತ್ತರ ಕೊಟ್ಟಿತು. ಒಹಾಯೋ ನದಿಯ ವಾಯವ್ಯದ ಭೂಮಿಯಲ್ಲಿ ಮೂರರಿಂದ ಐದು ರಾಜ್ಯಗಳಾಗಬೇಕು. ಸ್ವತಂತ್ರ ನಿವಾಸಿಗಳ ಸಂಖ್ಯೆ 60,000 ಮುಟ್ಟಿದ ಪ್ರದೇಶವು ಹಳೆಯ ರಾಜ್ಯಗಳಿಗೆ ಸಮಾನವಾಗಿ ಒಕ್ಕೂಟ ಸೇರಬಹುದು. ಅಲ್ಲಿ ಗುಲಾಮಗಿರಿ ಇರಕೂಡದು. 1776ರ ಘೋಷಣೆಯಷ್ಟೇ ಮಹತ್ವದ್ದು ಇದೆಂದು ನನಗನ್ನಿಸುತ್ತದೆ.

ಆದರೆ ಹೀಗೆ ಹಂಚಿದ ನೆಲದಲ್ಲಿ ಶಾನೀ, ಮಯಾಮಿ ಮೊದಲಾದ ಮೂಲನಿವಾಸಿಗಳಿದ್ದರು. ಅವರು ಹೋರಾಡಿದರು, 1794ರಲ್ಲಿ ಸೋತರು. ಮರುವರ್ಷದ ಗ್ರೀನ್‌ವಿಲ್ ಒಪ್ಪಂದದಂತೆ ಇಂದಿನ ಒಹಾಯೋದ ಬಹುಭಾಗವನ್ನು ಬಿಟ್ಟುಕೊಡಬೇಕಾಯಿತು. 1803ರಲ್ಲಿ ಒಹಾಯೋ 17ನೆಯ ರಾಜ್ಯವಾಯಿತು.